ಆಟದಂಗಳದ ಹೆಸರುಗಳು

ಬೇಲೂರಿನ ಮದನಿಕೆಯರ ಪೀಠಗಳಲ್ಲಿ ದಾಸೋಜನಂತಹ ಶಿಲ್ಪಿಗಳ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. ಆಟದಂಗಳದಲ್ಲಿ ಬೆವರು ಸುರಿಸಿದ ಸ್ತ್ರೀಯರಿಗೆ ಆ ಭಾಗ್ಯ ಬಲು ತಡವಾಗಿ ಒದಗುತ್ತದೆ. 1892ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದವರು ಸೆಂಡಾ ಬೆರೆನ್ಸನ್. ಆ ಕ್ರೀಡೆಯ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ದೊರೆತುದು 1985ರಲ್ಲಿ, ಅವರು ಗತಿಸಿ ಮೂರು ದಶಕಗಳ ತರುವಾಯ.

ಭಾರತದ ವನಿತೆಯರು 2017ರಲ್ಲಿ ಬೆಂಗಳೂರಿನಲ್ಲಿಯೇ ಏಷ್ಯಾ ಕಪ್‌ನ ಬಿ ವಿಭಾಗವನ್ನು ಗೆದ್ದರು. ದೀರ್ಘಕಾಲ ಭಾರತದ ಪರವಾಗಿ ಆಡಿದ ಪಿ. ಅನಿತಾ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಅರಸೀಕೆರೆ, ಹಳೇಬೀಡುಗಳ ಎಷ್ಟು ಮಂದಿ ಬಾಲಕಿಯರು ಈ ಹೆಸರನ್ನು ಬಲ್ಲರು?

ಕಾಯಕವೇ ಕೈಲಾಸವೆಂದು ಬೋಧಿಸುವ ಮಠದ ಶಾಲೆಗಳು ಈ ಕಾಯಕವನ್ನೂ ಮನ್ನಿಸಬೇಕು. ಸನ್ಮಾನದ ಹಾರ ಸಂಜೆಗೆ ಬಾಡುತ್ತದೆ. ಆಟದಂಗಳದ ಗೋಡೆಯ ಮೇಲೆ ಆ ಹೆಸರುಗಳನ್ನು ಬರೆಯಿಸಿ, ಅಂಗಳವನ್ನು ಬಾಲಕಿಯರಿಗೂ ಬಿಟ್ಟುಕೊಡುವುದೇ ನಿಜವಾದ ಗೌರವ.