ಪತ್ರಿಕೆಗಳಲ್ಲಿ ಲೈಂಗಿಕ ಅಪರಾಧಗಳ ಚಿತ್ರಣ: ಹುಬ್ಬಳ್ಳಿ-ಧಾರವಾಡ

ಲೈಂಗಿಕ ಅಪರಾಧಗಳ ಬಗ್ಗೆ ಪತ್ರಿಕೆಗಳು ಬಳಸುವ ಭಾಷೆ, ಆಯ್ದುಕೊಳ್ಳುವ ಪ್ರಕರಣಗಳು ಹಾಗೂ ಕೊಡುವ ಸ್ಥಳಾವಕಾಶ ಸಾರ್ವಜನಿಕರ ಅಭಿಪ್ರಾಯವನ್ನು ರೂಪಿಸುತ್ತವೆ. ಸಂಯುಕ್ತ ಕರ್ನಾಟಕದ ನೆಲೆಯಾದ, ರಾಜ್ಯದ ಇತರ ಪ್ರಮುಖ ದಿನಪತ್ರಿಕೆಗಳ ಆವೃತ್ತಿಗಳೂ ಹೊರಬರುವ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಇತ್ತೀಚಿನ ಘಟನೆಗಳು ಇದಕ್ಕೆ ನಿದರ್ಶನವಾಗಿವೆ.

2025ರ ಪ್ರಕರಣ

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯೊಬ್ಬಳು ಅಪಹರಣಕ್ಕೊಳಗಾಗಿ ಕೊಲೆಯಾದಳು. ಲೈಂಗಿಕ ದೌರ್ಜನ್ಯಕ್ಕೆ ಯತ್ನ ನಡೆದಿತ್ತೆಂದು ಪೊಲೀಸರು ತಿಳಿಸಿದರು. ಠಾಣೆಯ ಮುಂದೆ ಜನ ಸೇರಿ ಪ್ರತಿಭಟಿಸಿದರು. ಬಿಹಾರ ಮೂಲದ ಆರೋಪಿಯು ಅದೇ ದಿನ ಪೊಲೀಸರ ಗುಂಡಿಗೆ ಬಲಿಯಾದನು. ಅವನು ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ಯತ್ನಿಸಿದನೆಂಬುದು ಪೊಲೀಸರ ಹೇಳಿಕೆ. ಗುಂಡು ಹಾರಿಸಿದ ಮಹಿಳಾ ಪಿಎಸ್‌ಐ ಅವರಿಗೆ ಮಾಧ್ಯಮಗಳಲ್ಲಿ ಪ್ರಶಂಸೆಯ ಸುರಿಮಳೆಯಾಯಿತು. ಅಪರಾಧ, ಆಕ್ರೋಶ, ಶಿಕ್ಷೆ ಮೂರೂ ಒಂದೇ ದಿನದ ಸುದ್ದಿಯಾದ ಕಾರಣ ಆರೋಪಿಯು ಓದುಗರ ದೃಷ್ಟಿಯಲ್ಲಿ ವಿಚಾರಣೆಯಿಲ್ಲದೆಯೇ ಅಪರಾಧಿಯಾದನು. ಸಾಕ್ಷ್ಯವನ್ನು ನ್ಯಾಯಾಲಯ ಪರಿಶೀಲಿಸುವ ಅವಕಾಶವೇ ಉಳಿಯಲಿಲ್ಲ. ಪಿಯುಸಿಎಲ್ ಸಂಸ್ಥೆಯು ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ತನಿಖೆ ಸಿಐಡಿಗೆ ಹೋಯಿತು.

ಈ ಮನೋಭಾವ ಹೊಸದಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಪಶುವೈದ್ಯೆಯ ಅತ್ಯಾಚಾರ ಹಾಗೂ ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಸೈಬರಾಬಾದ್ ಕಮಿಷನರ್ ಆಗಿದ್ದವರು ಹುಬ್ಬಳ್ಳಿ ಮೂಲದ ವಿ. ಸಿ. ಸಜ್ಜನರ. ತವರೂರಿಗೆ ಅದು ಹೆಮ್ಮೆಯ ಸುದ್ದಿಯಾಗಿತ್ತು. ಆರೋಪಿಗಳ ಮೇಲೆ ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರಪುರಕರ ಆಯೋಗದ ವರದಿ 2022ರಲ್ಲಿ ಹೇಳಿತು. ಮೊದಲ ಸುದ್ದಿಯನ್ನು ಓದಿದವರೆಲ್ಲರೂ ಈ ವರದಿಯನ್ನು ಓದಿದರೆಂದು ಹೇಳುವಂತಿಲ್ಲ.

ಪದಗಳ ಆಯ್ಕೆ

ಕನ್ನಡ ಪತ್ರಿಕೆಗಳು ಬಹುಕಾಲ ಬಳಸಿದ ‘ಮಾನಭಂಗ’, ‘ಶೀಲಹರಣ’ ಎಂಬ ಪದಗಳು ನಷ್ಟವಾದದ್ದು ಹೆಣ್ಣಿನ ಮಾನವೆಂದು ಸೂಚಿಸುತ್ತವೆ. ಕೃತ್ಯ ಎಸಗಿದವನ ಮಾನದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ‘ಸಂತ್ರಸ್ತೆ’ ಎಂಬ ಪದ ಇತ್ತೀಚೆಗೆ ರೂಢಿಗೆ ಬಂದಿರುವುದು ಸ್ವಾಗತಾರ್ಹ. ಆದರೆ ‘ಅತ್ಯಾಚಾರಕ್ಕೊಳಗಾದ ಯುವತಿ’ ಎಂಬ ವಾಕ್ಯರಚನೆಯಲ್ಲಿ ಕರ್ತೃಪದವೇ ಮಾಯವಾಗಿರುತ್ತದೆ. ವ್ಯಾಕರಣ ಕಲಿತ ವಿದ್ಯಾರ್ಥಿಯೂ ಇದನ್ನು ಗುರುತಿಸಬಲ್ಲ. ಇದಕ್ಕೆ ವಿರುದ್ಧವಾಗಿ ‘ಕಾಮುಕ’, ‘ಕಾಮಪಿಶಾಚಿ’ ಎಂಬ ಪದಗಳು ಅಪರಾಧಿಯನ್ನು ಮನುಷ್ಯಕುಲದಿಂದಲೇ ಹೊರಗಿಡುತ್ತವೆ. ಪಿಶಾಚಿಯನ್ನು ಮನೆಯೊಳಗೆ ಯಾರೂ ಹುಡುಕುವುದಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನ ಆರೋಪಿಗಳು ಸಂತ್ರಸ್ತೆಗೆ ಪರಿಚಿತರು: ಬಂಧುಗಳು, ನೆರೆಹೊರೆಯವರು, ಸ್ನೇಹಿತರು. ಮುಖಪುಟಕ್ಕೆ ಬರುವವನು ಮಾತ್ರ ಸಾಮಾನ್ಯವಾಗಿ ಅಪರಿಚಿತ. 2025ರ ಪ್ರಕರಣದ ನಂತರ ವಲಸೆ ಕಾರ್ಮಿಕರ ಮೇಲೆ ನಿಗಾ ಇಡಬೇಕೆಂಬ ಚರ್ಚೆ ಬೆಳೆದದ್ದು ಇದೇ ಕಾರಣದಿಂದ.

ಬೆನ್ನಟ್ಟಿ ಪೀಡಿಸುವವನನ್ನು ‘ಭಗ್ನಪ್ರೇಮಿ’, ‘ಪಾಗಲ್ ಪ್ರೇಮಿ’ ಎಂದು ಕರೆಯುವ ರೂಢಿಯೂ ಇದೆ. ಪ್ರೇಮವೆಂಬ ಪದ ಸೇರಿದೊಡನೆ ಹೆಣ್ಣಿನ ನಿರಾಕರಣೆಯೇ ಅಪರಾಧಕ್ಕೆ ಕಾರಣವೆಂಬ ಭಾವನೆ ಹುಟ್ಟುತ್ತದೆ. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರು ಕೊಲೆಯಾದರು. ಲೋಕಸಭಾ ಚುನಾವಣೆಯ ಕಾಲದಲ್ಲಿ ಮೊದಲನೆಯದು ಆರೋಪಿಯ ಧರ್ಮದ ಚರ್ಚೆಯಾಗಿ ದೇಶವ್ಯಾಪಿಯಾಯಿತು. ಯುವತಿಯರ ಸುರಕ್ಷತೆಯ ಪ್ರಶ್ನೆ ಹಿಂದೆ ಸರಿಯಿತು.

ಗುರುತಿನ ಗೋಪ್ಯತೆ

ಸಂತ್ರಸ್ತರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಶಿಕ್ಷಾರ್ಹ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ 23ನೇ ಕಲಮು ಇನ್ನೂ ಸ್ಪಷ್ಟ: ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಬಹಿರಂಗಪಡಿಸುವಂತಿಲ್ಲ. ಸಂತ್ರಸ್ತೆ ಮೃತಳಾದರೂ ಗೋಪ್ಯತೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ಪ್ರಕರಣದ ತೀರ್ಪಿನಲ್ಲಿ ಹೇಳಿದೆ. ಹೆಸರನ್ನು ಬಿಟ್ಟು ಓಣಿಯನ್ನೂ ತಂದೆಯ ಕಸುಬನ್ನೂ ಮುದ್ರಿಸಿದರೆ, ಅವಳಿ ನಗರದ ಓದುಗನಿಗೆ ಉಳಿದುದನ್ನು ತಿಳಿಯಲು ಒಂದು ಚಹಾದಂಗಡಿ ಸಾಕು.