ಚಪ್ಪರದ ಗೂಡು, ಕಾಲೇಜಿನ ಆಟ



ದೇವನಹಳ್ಳಿಯ ನಮ್ಮ ಮನೆಯ ಪಡುವಣ ಗೋಡೆಯ ಚಪ್ಪರಕ್ಕೆ ಎರಡು ಬಳ್ಳಿಗಳು ಹಬ್ಬಿವೆ. ಒಂದು ರಂಗೂನ್ ಬಳ್ಳಿ. ಸಂಜೆ ಬೆಳ್ಳಗೆ ಅರಳುವ ಅದರ ಹೂವು ಮರುದಿನ ನಸುಗೆಂಪಾಗಿ, ಆಮೇಲೆ ಕಡುಗೆಂಪಿಗೆ ತಿರುಗುತ್ತದೆ. ಮತ್ತೊಂದು ಪಶ್ಚಿಮ ಘಟ್ಟದ ಬಳ್ಳಿ. ಮೈಸೂರಿನ ಹೆಸರನ್ನೇ ತನ್ನ ಶಾಸ್ತ್ರೀಯ ನಾಮದಲ್ಲಿ ಹೊತ್ತಿರುವ ಥನ್‌ಬರ್ಜಿಯಾ ಮೈಸೂರೆನ್ಸಿಸ್. ಹಳದಿ, ಕಂದುಗೆಂಪು ಬಣ್ಣದ ಹೂಗೊಂಚಲುಗಳು ತೋರಣದಂತೆ ಇಳಿಬೀಳುತ್ತವೆ. ನಮ್ಮ ಬಯಲುಸೀಮೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಅಕ್ಕಿ ತೊಳೆದ ನೀರೂ ಅದರ ಬುಡಕ್ಕೇ ಹೋಗುತ್ತದೆ.

ಈ ಹೂಗಳ ಮಕರಂದಕ್ಕೆ ಬರುವುದು ಸೂರಕ್ಕಿ. ಹತ್ತು ಗ್ರಾಂ ಕೂಡ ತೂಗದ, ಬಾಗಿದ ಕೊಕ್ಕಿನ ಹಕ್ಕಿ. ಇದನ್ನು ಹಮ್ಮಿಂಗ್‌ಬರ್ಡ್ ಎನ್ನುವವರುಂಟು, ಅದು ತಪ್ಪು. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಅವು ಗಾಳಿಯಲ್ಲಿ ನಿಂತೇ ಮಕರಂದ ಹೀರಿದರೆ, ನಮ್ಮ ಸೂರಕ್ಕಿ ಹೆಚ್ಚಾಗಿ ಬಳ್ಳಿಯ ಮೇಲೆ ಕುಳಿತು ಹೀರುತ್ತದೆ.

ಅದೇ ಗೋಡೆಗೆ ಚೆಂಡೆಸೆದು ಅಭ್ಯಾಸ ಮಾಡುವವನು ನನ್ನ ಮೊಮ್ಮಗ. ಬೆಂಗಳೂರಿನ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ತಂಡದಲ್ಲಿ ಲೆಗ್ ಸ್ಪಿನ್ನರ್. ನನಗೋ ಕಾಲೇಜು ಕ್ರಿಕೆಟ್ಟಿನ ಹುಚ್ಚು ಹಳೆಯದು. ವಿಶ್ವವಿದ್ಯಾಲಯಗಳ ರೋಹಿಂಟನ್ ಬಾರಿಯಾ ಟ್ರೋಫಿಯ ಫಲಿತಾಂಶವನ್ನು ಪತ್ರಿಕೆಯ ಮೂಲೆಯಲ್ಲಿ ಹುಡುಕಿ ಓದಿದವನು ನಾನು.

ಸೊಸೆಗೆ ಆಟ ಬೇಡವೆಂದಲ್ಲ, ಪರೀಕ್ಷೆ ಮೊದಲು ಎನ್ನುತ್ತಾಳೆ. ಅವಳ ಬಳಿ ಸಾಕ್ಷಿಯೂ ಇದೆ. ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಮೈಸೂರಿನಲ್ಲಿ ಎಂಜಿನಿಯರಿಂಗ್ ಪೂರೈಸಿದರು. ಟೆಸ್ಟ್ ತಂಡಕ್ಕೆ ಮರಳಿದ್ದು 1967ರಲ್ಲಿ. ಆದರೂ 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದರು. ಮೊಮ್ಮಗ ಸುಮ್ಮನಿರುವನೇ? "ಕುಂಬ್ಳೆ 1990ರಲ್ಲಿ ಟೆಸ್ಟ್ ಆಡಿದಾಗ ಇನ್ನೂ ವಿದ್ಯಾರ್ಥಿಯಲ್ಲವೇ ಅಮ್ಮಾ? ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಲಿಲ್ಲವೇ?" ಎನ್ನುತ್ತಾನೆ. ಇಬ್ಬರೂ ನನ್ನ ಮುಖ ನೋಡುತ್ತಾರೆ. ಎರಡೂ ನಿಜವಾದುದರಿಂದ ನಾನು ಬಳ್ಳಿಗೆ ನೀರು ಹಾಕಲು ಏಳುತ್ತೇನೆ.

ಈ ವಾದ ನಡೆದಿದ್ದಾಗಲೇ ಸೂರಕ್ಕಿ ಚಪ್ಪರದ ಕೆಳಗೆ ಗೂಡು ಕಟ್ಟಿತು. ನಾರು, ಒಣಗಿದ ತೊಗಟೆ, ಜೇಡರ ಬಲೆ ಸೇರಿಸಿ ನೇತುಹಾಕಿದ ಪುಟ್ಟ ಸಂಚಿ. ಪಕ್ಕದಲ್ಲಿ ಬಾಯಿ, ಅದರ ಮೇಲೊಂದು ಸೂರು. ಒಳಗೆ ಎರಡು ಮೊಟ್ಟೆ. ಅಂತರಕಾಲೇಜು ಪಂದ್ಯಕ್ಕೆ ಉಳಿದದ್ದು ಐದೇ ವಾರ. ಕಾವಿಗೆ ಸುಮಾರು ಎರಡು ವಾರ, ಮರಿಗಳು ಹಾರಲು ಮತ್ತೆ ಎರಡು ವಾರಕ್ಕೂ ಹೆಚ್ಚು. ಚೆಂಡು ಗೋಡೆಗೆ ಬಡಿದರೆ ಚಪ್ಪರವೆಲ್ಲ ನಡುಗುತ್ತದೆ. ಬೇಡವೆಂದು ಹೇಳುವುದು ಹೇಗೆಂದು ನಾನು ಯೋಚಿಸುತ್ತಿರುವಾಗ, ಹುಡುಗ ತಾನಾಗಿಯೇ ಚೆಂಡನ್ನು ಜೇಬಿಗಿಳಿಸಿ ಶಾಲೆಯ ಬಯಲಿಗೆ ನಡೆದ. ನಸುಕಿನ ಐದೂವರೆಗೆ ಅವನನ್ನು ಎಬ್ಬಿಸುತ್ತಿದ್ದವಳು ಸೊಸೆಯೇ.

ಮರಿಗಳಿಗೆ ಹುಳು, ಜೇಡಗಳ ಊಟ. ಗೂಡಿನ ಬಾಯಲ್ಲಿ ಎರಡು ಕೊಕ್ಕುಗಳು ಕಾಣುವ ಹೊತ್ತಿಗೆ ಪಂದ್ಯವೂ ಬಂತು. ಬಸ್ಸು ಹಿಡಿದು ಹೋದೆ. ಮೈದಾನದ ಸುತ್ತ ಹತ್ತು ಜನ ಪ್ರೇಕ್ಷಕರೂ ಇರಲಿಲ್ಲ. ತಂಡ ಸೋತಿತು.

ಸಂಜೆ ಮರಳಿದಾಗ ಗೂಡು ಬರಿದಾಗಿತ್ತು. ರಂಗೂನ್ ಬಳ್ಳಿಯ ಮೇಲೆ ಗಿಡ್ಡ ಬಾಲದ ಮರಿಯೊಂದು ಕುಳಿತಿತ್ತು. ಮೊಮ್ಮಗ ಮಾತಾಡದೆ ಪುಸ್ತಕ ಹಿಡಿದು ಕೋಣೆ ಸೇರಿದ. ಅಡುಗೆಮನೆಯಿಂದ ಸೊಸೆ ಇಣುಕಿ, ಅವನಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದಳು:

"ಎಷ್ಟು ವಿಕೆಟ್ ತೆಗೆದ, ಮಾವ?"