ಗೃಹನಿರ್ಮಾಣವೂ ಗೃಹಚ್ಛಿದ್ರವೂ

ಪುಷ್ಯ-ಮಾಘ ಮಾಸಗಳು ಬಂದವೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ತೊಗರಿಯ ರಾಶಿ ಮುಗಿದು ರೈತನ ಕೈಯಲ್ಲಿ ರೊಕ್ಕ ಆಡತೊಡಗುವದು. ಅದರ ಬೆನ್ನಿಗೇ ಮದುವೆ, ಜಾತ್ರೆ, ಬೀಗರ ಉಪಚಾರ, ಹೊಸ ಮೋಟಾರು ಸೈಕಲ್ಲು, ಹೊಸ ಮೊಬೈಲು ಇವೆಲ್ಲ ಬಾಗಿಲಿಗೆ ಬಂದು ನಿಲ್ಲುವವು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಬಜ್ಜಿ-ಕಡಬು ಉಣ್ಣುತ್ತ ‘ಈ ಸಲ ಮನೆಗೆ ಕೈ ಹಚ್ಚೋಣ’ ಎಂದು ಗಂಡಹೆಂಡಿರು ಆಡಿಕೊಂಡ ಮಾತು, ಯುಗಾದಿಯ ಹೊತ್ತಿಗೆ ಮುಂದಿನ ವರುಷದ ಮಾತಾಗಿರುವದು. ಪಟ್ಟಣದಲ್ಲಿರುವ ನೌಕರ ವರ್ಗದ ಸ್ಥಿತಿಯೂ ಇದಕ್ಕಿಂತ ಭಿನ್ನವಾದುದಲ್ಲ. ರೈತನಿಗೆ ವರುಷಕ್ಕೊಮ್ಮೆ ಒದಗುವ ಮೋಹವು ನೌಕರನಿಗೆ ತಿಂಗಳಿಗೊಮ್ಮೆ ಒದಗುವದು, ಭೇದವು ಇಷ್ಟೇ.

ಸ್ವಂತ ಮನೆಯೆಂಬುದು ನಮ್ಮ ಸೀಮೆಯಲ್ಲಿ ವೈಭವದ ವಸ್ತುವಲ್ಲ. 2020ರ ಅಕ್ಟೋಬರದಲ್ಲಿ ಭೀಮಾನದಿಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಲ್ಲಿ ನುಗ್ಗಿದಾಗ, ಮಣ್ಣಿನ ಮಾಳಿಗೆಗೂ ಗಟ್ಟಿ ಕಟ್ಟಡಕ್ಕೂ ಇರುವ ಅಂತರವೇನೆಂಬುದು ಕಣ್ಣುಳ್ಳವರಿಗೆಲ್ಲ ಕಂಡುಬಂದಿತು. ಮೂವತ್ತು ವರುಷ ಬಾಡಿಗೆಯ ಮನೆಯಲ್ಲಿ ಕಳೆದು ನಿವೃತ್ತನಾಗುವ ಗುಮಾಸ್ತನಿಗೆ, ಸತ್ಕಾರ ಸಮಾರಂಭದ ಹಾರ ಬಾಡುವ ಮೊದಲೇ ‘ಇನ್ನು ಎಲ್ಲಿರಬೇಕು?’ ಎಂಬ ಪ್ರಶ್ನೆಯು ಎದುರಾಗುವದು. ಆದ್ದರಿಂದ ಮನೆಗಾಗಿ ಕೂಡಿಟ್ಟ ಹಣವು ಸೋರಿಹೋಗುವದೆಂದರೆ ಅದು ಮುಪ್ಪಿನ ನೆರಳೇ ಸೋರಿಹೋದಂತೆ.

ಈ ಸೋರಿಕೆಯ ಲೆಕ್ಕವನ್ನು ಸ್ವಲ್ಪ ನೋಡೋಣ. ತಿಂಗಳಿಗೆ 40,000 ರೂಪಾಯಿ ವರಮಾನವುಳ್ಳ ದಂಪತಿಗಳು ಮನೆಗಾಗಿ 8,000 ರೂಪಾಯಿ ತೆಗೆದಿಡುವದಾಗಿ ನಿಶ್ಚಯಿಸಿದರೆಂದು ಭಾವಿಸೋಣ. ಐದು ವರುಷಕ್ಕೆ, ಬಡ್ಡಿಯನ್ನು ಬಿಟ್ಟೇ, 4,80,000 ರೂಪಾಯಿ ಆಗುವದು. ಅವರಲ್ಲೊಬ್ಬರು ತಿಂಗಳಿಗೆ 5,000 ರೂಪಾಯಿಯ ಕಂತುಗಳನ್ನು ಮೈಮೇಲೆ ಎಳೆದುಕೊಂಡರೆ ಉಳಿಯುವದು 3,000. ಐದು ವರುಷಕ್ಕೆ 1,80,000. ಮೂರು ಲಕ್ಷ ರೂಪಾಯಿ ಹೋಯಿತು. ಹಾಗೆ ಹೋಗುವಾಗ ಒಂದು ದಿನವೂ ಅದು ಮೂರು ಲಕ್ಷವೆಂದು ಯಾರಿಗೂ ಅನಿಸಲಿಲ್ಲ. ಇತ್ತ, ಉಳಿಸಬೇಕೆಂದು ಹಟ ತೊಟ್ಟ ಇನ್ನೊಬ್ಬರು ತಮ್ಮ ಬಟ್ಟೆಯನ್ನೂ ತಮ್ಮ ಔಷಧವನ್ನೂ ಮುಂದಕ್ಕೆ ಹಾಕುತ್ತ, ತೂತು ಬಿದ್ದ ಕೊಡದಲ್ಲಿ ನೀರು ತರುತ್ತಲೇ ಇರುವರು. ಹಣದ ಹಾನಿಗಿಂತಲೂ ಈ ಅಂತರಂಗದ ಕಹಿಯೇ ಹೆಚ್ಚು ಭಯಂಕರವಾದುದು.

ಮಿತವ್ಯಯದ ಉಪದೇಶವು ನಮ್ಮಲ್ಲಿ ಬಹುತರವಾಗಿ ಸ್ತ್ರೀಯರಿಗೇ ಮೀಸಲಾಗಿದೆ. ಸೀರೆ-ಬಂಗಾರಗಳ ವ್ಯಾಮೋಹದಿಂದ ಸಂಸಾರವನ್ನು ಸಾಲಕ್ಕೆ ನೂಕುವ ಗೃಹಿಣಿಯರು ಇಲ್ಲವೆಂದು ನಾವು ಹೇಳುವದಿಲ್ಲ. ಆದರೆ ಸಂಘಗಳಿಂದಲೂ ಮೈಕ್ರೋ ಫೈನಾನ್ಸ್ ಸಂಸ್ಥೆಗಳಿಂದಲೂ ಹೆಂಡತಿಯ ಹೆಸರಿನಲ್ಲಿ ಎತ್ತಿದ ಸಾಲವು ಎಷ್ಟೋ ಮನೆಗಳಲ್ಲಿ ಗಂಡನ ಕೈಯಿಂದ ಖರ್ಚಾಗುವದೆಂಬುದನ್ನು ಅಲ್ಲಗಳೆಯುವವರು ಯಾರು? ವಾರದ ಕಂತಿಗೆ ಬಾಗಿಲಲ್ಲಿ ನಿಂತವರ ಮಾತನ್ನು ಕೇಳಬೇಕಾದವಳು ಅವಳು. ವಸೂಲಿಯ ಪೀಡೆ ಮಿತಿಮೀರಿದ್ದರಿಂದಲೇ ಕರ್ನಾಟಕ ಸರಕಾರವು 2025ರಲ್ಲಿ ಅದರ ವಿರುದ್ಧ ಕಾನೂನನ್ನು ತರಬೇಕಾಯಿತು. ಕಾನೂನು ಬಾಗಿಲ ಹೊರಗಿನ ಪೀಡೆಯನ್ನು ತಡೆದೀತು. ಬಾಗಿಲ ಒಳಗಿನ ಅವಿವೇಕವನ್ನು ತಡೆಯಲಾರದು.

ದುಂದುಗಾರನು ದುಷ್ಟನೆಂದು ತಿಳಿಯಲಾಗದು. ‘ನಾಲ್ಕು ಮಂದಿ ಏನೆಂದಾರು’ ಎಂಬ ಅಂಜಿಕೆಯೇ ಬಹಳ ಸಲ ಅವನ ಕೈಯನ್ನು ಬಿಚ್ಚಿಸುವದು. ತಂಗಿಯ ಮದುವೆಯಲ್ಲಿ ಒಂದು ಪಂಕ್ತಿ ಹೆಚ್ಚು, ಮಿತ್ರನ ಕಷ್ಟಕ್ಕೆ ಒಂದು ಕೈಗಡ ಹೆಚ್ಚು. ಇವು ಒಂದೊಂದಾಗಿ ನೋಡಿದರೆ ಸದ್ಗುಣಗಳೇ. ಮನೆಯಲ್ಲಿ ಜೊತೆಗೆ ದುಡಿಯುವ, ಜೊತೆಗೆ ಉಪವಾಸವಿರುವ ಮತ್ತೊಂದು ಜೀವವನ್ನು ಕೇಳದೆಯೇ ಇವನ್ನು ಮಾಡುವದೇ ದೋಷ.

ಇಲ್ಲಿ ನಮ್ಮ ನಾಡಿನ ಇತಿಹಾಸವನ್ನು ನೆನೆಯುವದು ಅಪ್ರಸ್ತುತವಾಗಲಾರದು. ಈ ಮೂರೂ ತಾಲೂಕುಗಳು 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೆಸರಿನಲ್ಲಿ ಸತ್ಯಾಗ್ರಹ ಮಾಡಿ ಸೆರೆಮನೆಗೆ ಹೋದವರು ಬೇಡಿದ್ದೇನು? ಜವಾಬ್ದಾರಿ ಸರಕಾರ. ಅಂದರೆ ಪ್ರಜೆಗಳ ಹಣವನ್ನು ವೆಚ್ಚ ಮಾಡುವವನು ಪ್ರಜೆಗಳಿಗೆ ಲೆಕ್ಕ ಕೊಡಬೇಕು ಎಂಬುದು. ಅಂಥ ಹೋರಾಟದ ವಾರಸುದಾರರೆಂದು ಪ್ರತಿವರುಷ ಸೆಪ್ಟೆಂಬರ 17ಕ್ಕೆ ಧ್ವಜವೇರಿಸುವ ನಾವು, ಹೊಸ್ತಿಲ ಒಳಗೆ ಕಾಲಿಟ್ಟೊಡನೆ ಲೆಕ್ಕ ಕೊಡದ ನಿಜಾಮರಾಗಿಬಿಡುವದು ಯಾವ ನ್ಯಾಯ? ಸರಕಾರದ ಆಯವ್ಯಯವನ್ನು ಚಹದಂಗಡಿಯಲ್ಲಿ ಕುಳಿತು ಪೈಸೆ ಪೈಸೆಗೆ ಟೀಕಿಸುವವನು, ಮನೆಯ ಆಯವ್ಯಯವನ್ನು ಹೆಂಡತಿ ಕೇಳಿದರೆ ಮುಖ ಗಂಟಿಕ್ಕುವದೇಕೆ?

ಶರಣರು ಈ ಪಾಠವನ್ನು ಎಂಟುನೂರು ವರುಷಗಳ ಹಿಂದೆಯೇ ಕಲಿಸಿದ್ದಾರೆ. ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಒಳಗೆ ಇಟ್ಟುಕೊಳ್ಳಲೊಪ್ಪದೆ, ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಅವನು ಹಾಗೆಯೇ ಮಾಡಿದನು. ಹೆಂಡತಿಯು ಲೆಕ್ಕ ಕೇಳಿದ್ದರಿಂದ ಮಾರಯ್ಯನ ಮಾನವು ಕುಂದಲಿಲ್ಲ. ಕೇಳುವ ಧೈರ್ಯ ಅವಳಿಗೂ, ಕೇಳಿಸಿಕೊಳ್ಳುವ ವಿನಯ ಅವನಿಗೂ ಇದ್ದುದರಿಂದಲೇ ಆ ದಂಪತಿಗಳನ್ನು ನಾಡು ಇಂದಿಗೂ ನೆನೆಯುತ್ತಿದೆ.

ಇದನ್ನು ಬರೆಯುವಾಗ ನಮ್ಮ ಲೇಖನಿಯು ತಡೆಯದೆ ಇರಲಿಲ್ಲ. ಹಲವು ವರುಷಗಳ ಕೆಳಗೆ, ನಿವೇಶನಕ್ಕೆಂದು ನಮ್ಮ ಮನೆಯವರು ಕೂಡಿಹಾಕಿದ ಗಂಟನ್ನು ಈ ಪತ್ರಿಕೆಯ ಕಾಗದದ ಬಾಕಿಗೆ ತೆಗೆದುಕೊಂಡೆವು. ಕೇಳಿ ತೆಗೆದುಕೊಳ್ಳಲಿಲ್ಲ, ತೆಗೆದುಕೊಂಡ ಮೇಲೆ ತಿಳಿಸಿದೆವು. ದೇಶಕಾರ್ಯವೆಂದು ನಮ್ಮ ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಅವರು ಒಂದು ಮಾತನ್ನೂ ಆಡಲಿಲ್ಲ. ದೇವರ ಮುಂದೆ ಇಡುತ್ತಿದ್ದ ಪಾಸುಬುಕ್ಕನ್ನು ಎತ್ತಿ ಟ್ರಂಕಿನ ತಳದಲ್ಲಿ ಇಟ್ಟರು. ನಾವು ಇಂದಿಗೂ ಬಾಡಿಗೆಯ ಮನೆಯಲ್ಲಿಯೇ ಇದ್ದೇವೆ. ಕೇಳಿದ್ದರೆ ಅವರು ಕೊಡುತ್ತಿದ್ದರೆಂಬುದೇ ನಮ್ಮನ್ನು ಈಗ ಬಾಧಿಸುವ ಸಂಗತಿ. ಸತ್ಕಾರ್ಯದ ಖರ್ಚಾದರೂ ಒಬ್ಬರ ಗಂಟಿನಿಂದ ಇನ್ನೊಬ್ಬರು ಕೇಳದೆ ತೆಗೆದರೆ ಅದು ದುಂದೇ ಸರಿ.

ಹಾಗಾದರೆ ಮಾಡತಕ್ಕದ್ದೇನು? ಬೈಗಳದಿಂದ ಯಾರ ಕೈಯೂ ಬಿಗಿಯಾಗಿಲ್ಲ; ಬಚ್ಚಿಟ್ಟ ಹಣದಿಂದ ಯಾವ ಸಂಸಾರದಲ್ಲಿಯೂ ವಿಶ್ವಾಸ ಬೆಳೆದಿಲ್ಲ. ಖರ್ಚಿನ ನಂತರ ಉಳಿದದ್ದನ್ನು ಇಡುವ ಪದ್ಧತಿಯನ್ನು ಬಿಟ್ಟು, ಇಟ್ಟ ನಂತರ ಉಳಿದದ್ದನ್ನು ಖರ್ಚು ಮಾಡುವ ಪದ್ಧತಿಯನ್ನು ಹಿಡಿಯಬೇಕು. ಅಂಚೆಯ ಕಚೇರಿಯಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದ ಮೊದಲಾಗುವ ಐದು ವರುಷದ ಆವರ್ತ ಠೇವಣಿಯುಂಟು. ವರುಷಕ್ಕೊಮ್ಮೆ ರೊಕ್ಕ ಕಾಣುವ ರೈತನಿಗೆ ಮುದ್ದತ್ತಿನ ಠೇವಣಿಯುಂಟು. ಇವುಗಳನ್ನು ಇಬ್ಬರ ಹೆಸರಿನಲ್ಲಿ, ಇಬ್ಬರೂ ಕೂಡಿ ಸಹಿ ಮಾಡಿದ ಹೊರತು ಹಣ ಬಾರದಂತೆ ತೆರೆಯಲು ಅನುಕೂಲವಿದೆ. ಅದನ್ನು ಜಂಟಿ ‘ಎ’ ಖಾತೆಯೆನ್ನುವರು. ‘ಯಾರಾದರೊಬ್ಬರಿಗೆ’ ಕೊಡುವ ಜಂಟಿ ‘ಬಿ’ ಖಾತೆಯು ಈ ಕಾರ್ಯಕ್ಕೆ ತಕ್ಕುದಲ್ಲ. ಖಾತೆ ತೆರೆಯುವಾಗ ಈ ಒಂದು ಅಕ್ಷರದ ಕಡೆಗೆ ವಾಚಕರು ಗಮನವಿಡಬೇಕೆಂದು ಬಿನ್ನಹ.

ಇನ್ನು, ಗಂಡನಿಗೂ ಹೆಂಡತಿಗೂ ತಿಂಗಳಿಗೆ ಒಂದು ಸಣ್ಣ ಮೊತ್ತವನ್ನು ಲೆಕ್ಕ ಕೇಳದ ಕೈಖರ್ಚಿಗಾಗಿ ಬಿಟ್ಟುಕೊಡಬೇಕು. ಪೂರ್ತಿ ಕಟ್ಟಿಹಾಕಿದ ಎತ್ತು ಹಗ್ಗ ಹರಿಯುವದು. ಆ ಮೊತ್ತವನ್ನು ಮೀರಿದ ಯಾವ ಸಾಲಕ್ಕೂ, ಯಾವ ಕಂತಿಗೂ, ಯಾರಿಗಾದರೂ ಜಾಮೀನು ನಿಲ್ಲುವದಕ್ಕೂ ಇಬ್ಬರ ಒಪ್ಪಿಗೆ ಇರತಕ್ಕದ್ದು. ಹೆಂಡತಿಯ ಸ್ತ್ರೀಧನದ ವಿಷಯದಲ್ಲಂತೂ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ: ಅದರ ಮೇಲೆ ಗಂಡನಿಗೆ ಅಧಿಕಾರವಿಲ್ಲ; ಕಷ್ಟಕಾಲದಲ್ಲಿ ಬಳಸಿದರೂ ಮರಳಿ ಕೊಡುವ ನೈತಿಕ ಹೊಣೆ ಅವನದು.

ಗಂಡಹೆಂಡಿರ ನಡುವೆ ಲೆಕ್ಕಪತ್ರವು ಅವಿಶ್ವಾಸಕ್ಕೆ ದಾರಿಯೆಂದು ಕೆಲವರು ಆಕ್ಷೇಪಿಸುವರು. ಇದೇ ಆಕ್ಷೇಪವನ್ನು ಸಹಕಾರದ ವಿಷಯದಲ್ಲಿಯೂ ಎತ್ತಬಹುದಿತ್ತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದರು; ಅಂಥ ಸಂಘದಲ್ಲಿ ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬಬೇಕಾದರೆ ಕಿರ್ದಿ-ಖಾತೆಗಳು ಎಲ್ಲರ ಮುಂದೆ ತೆರೆದಿರಬೇಕು. ಮುಚ್ಚಿದ ಪುಸ್ತಕವು ಸಂಶಯವನ್ನು ಹುಟ್ಟಿಸುವದು. ತೆರೆದ ಪುಸ್ತಕವು ಅದನ್ನು ಕೊಲ್ಲುವದು. ಒಂದು ಹಳ್ಳಿಗೆ ಹಿತವಾದದ್ದು ಒಂದು ಮನೆಗೆ ಅಹಿತವಾದೀತೇ?

ಅಧಿಕಾರಿ ಮಹಾಶಯರಿಗೂ ಒಂದು ಮಾತು. ಗ್ರಾಮೀಣ ವಸತಿ ಯೋಜನೆಯ 1,20,000 ರೂಪಾಯಿ ನೆರವಿನಿಂದ ಮೊದಲಾದ ಮನೆಗಳ ಗೋಡೆಗಳು ಎಷ್ಟೋ ಊರುಗಳಲ್ಲಿ ಎದೆಮಟ್ಟಕ್ಕೆ ನಿಂತುಬಿಟ್ಟಿವೆ. ಸಂಸಾರವು ಕೂಡಿಸಬೇಕಾದ ಪಾಲು ಕೂಡಿಬರದಿರುವದು ಅದಕ್ಕೊಂದು ಕಾರಣ. 2023ರ ಆಗಸ್ಟದಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮುಟ್ಟದೆ ಇಡಬಲ್ಲ ಮನೆಗೆ ಐದು ವರುಷದ ಕೂಡಿಕೆ 1,20,000 ಆಗುವದು; ಅಂದರೆ ಸರಕಾರದ ನೆರವಿನಷ್ಟೇ ಇನ್ನೊಂದು ಪಾಲು. ಮನೆಯ ಮಂಜೂರಿಯ ಪತ್ರವನ್ನು ಕೈಗಿಡುವ ದಿನವೇ ಗಂಡಹೆಂಡಿರಿಬ್ಬರನ್ನೂ ಎದುರಿಗೆ ಕೂಡಿಸಿ ಈ ಲೆಕ್ಕವನ್ನು ತಿಳಿಯಹೇಳಿದರೆ ಬೊಕ್ಕಸಕ್ಕೆ ಒಂದು ಪೈಸೆಯೂ ಹೆಚ್ಚು ಬೀಳದು.

ನಮ್ಮ ವಾಚಕರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ತೊಗರಿಯ ರೊಕ್ಕವಾಗಲಿ, ತಿಂಗಳ ಸಂಬಳವಾಗಲಿ, ಮನೆಗೆ ಬಂದ ದಿನ ಇಬ್ಬರೂ ಕೂಡಿ ಮೊದಲು ಅಂಚೆಯ ಕಚೇರಿಗೆ ಹೋಗಿರಿ; ಪೇಟೆಗೆ ಆಮೇಲೆ ಹೋಗಿರಿ.